ಭೂಮಿ ಎಷ್ಟು ಮಂದಿಯನ್ನು ಸಾಕೀತು?

ಹಾಲೆಂಡಿನ ಡೆಲ್ಫ್ಟ್ ಊರಲ್ಲಿ ಆಂಟನಿ ವಾನ್ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿ ಇದ್ದ. ತಾನೇ ಉಜ್ಜಿ ತಯಾರಿಸಿದ ಪುಟ್ಟ ಮಸೂರಗಳಲ್ಲಿ ಕೆರೆಯ ನೀರು, ರಕ್ತ, ವೀರ್ಯ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ನೋಡುವುದು ಅವನ ಹುಚ್ಚು. ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸುತ್ತಿದ್ದ. 1679ರ ಏಪ್ರಿಲ್ 25ರ ಪತ್ರದಲ್ಲಿ ಅವನು ಬರೆದದ್ದು ಗಂಡು ಕಾಡ್ ಮೀನಿನ ವೀರ್ಯದ ಬಗ್ಗೆ. ಅದರಲ್ಲಿ ಮಿಜಿಗುಟ್ಟುವ ಜೀವಿಗಳು ಎಷ್ಟಿರಬಹುದು?

ಒಂದೊಂದಾಗಿ ಎಣಿಸುವ ಮಾತೇ ಇರಲಿಲ್ಲ. ಅದಕ್ಕೆ ಮರಳಿನ ಕಣವನ್ನು ಅಳತೆಗೋಲು ಮಾಡಿಕೊಂಡ. ಒಂದು ಕಣದಷ್ಟು ಜಾಗದಲ್ಲಿ ಹತ್ತು ಸಾವಿರ ಜೀವಿಗಳು. ಒಂದು ಅಂಗುಲ ಉದ್ದಕ್ಕೆ ನೂರು ಕಣ, ಅಂದರೆ ಒಂದು ಘನ ಅಂಗುಲಕ್ಕೆ ಹತ್ತು ಲಕ್ಷ ಕಣ. ಒಂದು ಮೀನಿನ ವೀರ್ಯದ ಗಾತ್ರ ಸುಮಾರು ಹದಿನೈದು ಘನ ಅಂಗುಲ. ಗುಣಿಸಿದರೆ 15,000 ಕೋಟಿ!

ಇಷ್ಟು ದೊಡ್ಡ ಸಂಖ್ಯೆಯನ್ನು ಓದುವವರ ಮನಸ್ಸಿಗೆ ಮುಟ್ಟಿಸುವುದು ಹೇಗೆ? ಭೂಮಿ ತುಂಬ ಮನುಷ್ಯರಿದ್ದರೆ ಎಷ್ಟಾದಾರು ಎಂದು ಹೋಲಿಸಿ ತೋರಿಸಲು ಹೊರಟ. ಹತ್ತು ವರ್ಷದ ಹಿಂದೆ ಭೂಮಾಪಕನ ಪರೀಕ್ಷೆ ಪಾಸು ಮಾಡಿದ್ದ ಅವನಿಗೆ ನೆಲ ಅಳೆಯುವುದು ಹೊಸದೇನಲ್ಲ. ಭೂಗೋಳದ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರು ಎಂದು ಕಳೆದ. ಉಳಿದ ನೆಲದಲ್ಲಿ ಮೂರನೇ ಒಂದು ಪಾಲು ಬಂಜರು ಎಂದು ಅದನ್ನೂ ಕಳೆದ. ಮಿಕ್ಕ ನೆಲ ಹಾಲೆಂಡ್ ಪ್ರಾಂತ್ಯದ 13,385 ಪಟ್ಟು ಆಯಿತು. ಹಾಲೆಂಡಿನಲ್ಲಿ ಹತ್ತು ಲಕ್ಷ ಜನ. ಎಲ್ಲ ಕಡೆಯೂ ಅಷ್ಟೇ ಒತ್ತಾಗಿ ಜನ ನೆಲೆಸಿದರೆ ಭೂಮಿಯ ಮೇಲೆ 1,338 ಕೋಟಿ 50 ಲಕ್ಷ ಮಂದಿ. ಒಂದೇ ಮೀನಿನ ಮೈಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಜೀವಿಗಳಿವೆ ಎಂದು ಪತ್ರದಲ್ಲಿ ಬೆರಗುಪಟ್ಟ.

ಎಲ್ಲ ದೇಶಗಳೂ ಹಾಲೆಂಡಿನಷ್ಟು ಜನನಿಬಿಡವಾಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆಗ ಇಡೀ ಪ್ರಪಂಚದಲ್ಲಿ ಇದ್ದದ್ದು ಸುಮಾರು 60 ಕೋಟಿ ಜನ. ಆದರೂ ಭೂಮಿ ಎಷ್ಟು ಜನರನ್ನು ಹೊರಬಲ್ಲದು ಎಂಬುದಕ್ಕೆ ಈವರೆಗೆ ಸಿಕ್ಕಿರುವ ಲೆಕ್ಕಗಳಲ್ಲಿ ಇದೇ ಮೊಟ್ಟಮೊದಲನೆಯದು. ಮುಂದಿನ ಮುನ್ನೂರು ವರ್ಷ ಹಲವರ ತಲೆ ತಿಂದ ಪ್ರಶ್ನೆ ಹುಟ್ಟಿದ್ದು ಹೀಗೆ, ಮೀನಿನ ಲೆಕ್ಕದ ಮಗ್ಗುಲಲ್ಲಿ.

ಆ ಲೆಕ್ಕದಲ್ಲಿ ಒಂದು ದೊಡ್ಡ ಬಿರುಕೂ ಇತ್ತು. ಆ ಕಾಲದ ಹಾಲೆಂಡ್ ಸ್ವಂತ ನೆಲದಲ್ಲಿ ಬೆಳೆದು ಉಣ್ಣುತ್ತಿದ್ದ ನಾಡಲ್ಲ. ಪೋಲೆಂಡಿನ ಕಡೆಯ ಹೊಲಗಳ ರೈ ಧಾನ್ಯ ಬಾಲ್ಟಿಕ್ ಸಮುದ್ರ ದಾಟಿ ಹಡಗು ಹಡಗಾಗಿ ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಿತ್ತು. ಭೂಮಿಯೆಲ್ಲ ಹಾಲೆಂಡ್ ಆಗಿಬಿಟ್ಟರೆ ಧಾನ್ಯ ಕಳಿಸುವ ಪೋಲೆಂಡ್ ಯಾವುದು?

ಎಲ್ಲ ನೆಲವೂ ಒಂದೇ ಬಗೆಯದಲ್ಲ ಎಂಬುದನ್ನು ಲೆಕ್ಕಕ್ಕೆ ತಂದವನು ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಭೂಗೋಳಜ್ಞ ಅರ್ನ್‌ಸ್ಟ್ ರಾವೆನ್‌ಸ್ಟೈನ್. ಯುರೋಪಿನವರು ಹೋಗಿ ನೆಲೆಸಲು ಪ್ರಪಂಚದಲ್ಲಿ ಇನ್ನೆಷ್ಟು ನೆಲ ಉಳಿದಿದೆ ಎಂಬುದು 1890ರಲ್ಲಿ ಅವನ ಚಿಂತೆ. ನೆಲವನ್ನು ಮೂರು ಬಗೆಯಾಗಿ ವಿಂಗಡಿಸಿದ. ಫಲವತ್ತಾದ ನೆಲಕ್ಕೆ ಚದರ ಮೈಲಿಗೆ 207 ಮಂದಿ, ಹುಲ್ಲುಗಾವಲಿಗೆ 10, ಮರುಭೂಮಿಗೆ 1. ಕೂಡಿದರೆ 599 ಕೋಟಿ 40 ಲಕ್ಷ. ಅಂದಿನ ಬೆಳವಣಿಗೆಯ ದರದಲ್ಲಿ 2072ರ ಹೊತ್ತಿಗೆ ಭೂಮಿ ತುಂಬಿಹೋಗುತ್ತದೆ ಎಂದ. ಪ್ರಪಂಚದ ಜನಸಂಖ್ಯೆ 600 ಕೋಟಿ ದಾಟಿದ್ದು 1999ರಲ್ಲಿ. ಎಪ್ಪತ್ತು ವರ್ಷಕ್ಕೂ ಮೊದಲೇ ಅವನ ಗಡಿ ಮುಟ್ಟಿತು, ಆದರೆ ಊಟ ಅಲ್ಲಿಗೇ ಮುಗಿಯಲಿಲ್ಲ.

ಮುಗಿಯದಿರಲು ಕಾರಣ ಗಾಳಿಯಲ್ಲಿತ್ತು. 1898ರಲ್ಲಿ ಬ್ರಿಸ್ಟಲ್ ನಗರದ ವಿಜ್ಞಾನ ಸಭೆಯಲ್ಲಿ ಬ್ರಿಟಿಷ್ ರಸಾಯನ ವಿಜ್ಞಾನಿ ವಿಲಿಯಂ ಕ್ರುಕ್ಸ್, ಗೋಧಿ ಉಣ್ಣುವವರು ಹೆಚ್ಚುತ್ತಿದ್ದಾರೆ, ಗೊಬ್ಬರಕ್ಕೆ ಚಿಲಿಯ ನೈಟ್ರೇಟ್ ಗಣಿಗಳನ್ನು ಎಷ್ಟು ದಿನ ನಂಬಿ ಕೂರುವುದು, ಗಾಳಿಯ ಸಾರಜನಕವನ್ನು ಹಿಡಿಯುವ ದಾರಿಯನ್ನು ರಸಾಯನ ವಿಜ್ಞಾನಿಗಳೇ ಹುಡುಕಬೇಕು ಎಂದು ಎಚ್ಚರಿಸಿದ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಸಾರಜನಕವೇ. ಆದರೆ ಬೆಳೆ ಅದನ್ನು ನೇರವಾಗಿ ಬಳಸಲಾರದು.

ಹನ್ನೊಂದು ವರ್ಷದ ಮೇಲೆ, 1909ರ ಜುಲೈ ಮೊದಲ ವಾರ, ಜರ್ಮನಿಯ ಕಾರ್ಲ್ಸ್‌ರೂಯಿಯಲ್ಲಿ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಅಮೋನಿಯವಾಗಿಸುವ ತನ್ನ ಯಂತ್ರವನ್ನು ಬಿಎಎಸ್‌ಎಫ್ ರಾಸಾಯನಿಕ ಕಂಪನಿಯವರಿಗೆ ತೋರಿಸಲು ನಿಂತ. ಭಾರೀ ಒತ್ತಡದ ಆ ಯಂತ್ರದ ಒಂದು ಬೋಲ್ಟ್ ಕೈಕೊಟ್ಟಿತು. ಸರಿಪಡಿಸುವಷ್ಟರಲ್ಲಿ ಗಂಟೆಗಳೇ ಕಳೆದು, ಕಂಪನಿಯ ಕಾರ್ಲ್ ಬಾಷ್ ಹೊರಟುಹೋದ. ಕಾದು ನಿಂತ ಅವನ ಸಹೋದ್ಯೋಗಿ ಮಿಟ್ಟಾಷ್ ಕಣ್ಣೆದುರೇ ದ್ರವ ಅಮೋನಿಯ ಹನಿಹನಿಯಾಗಿ ಇಳಿಯತೊಡಗಿತು. 1913ರಲ್ಲಿ ಒಪ್ಪಾವಿನಲ್ಲಿ ಬಾಷ್ ಅದನ್ನು ಕಾರ್ಖಾನೆಯಾಗಿ ಬೆಳೆಸಿದ. ಮುಂಗಾರು ಬಿದ್ದೊಡನೆ ನಮ್ಮ ರೈತರು ಸಾಲಿನಲ್ಲಿ ನಿಂತು ತರುವ ಯೂರಿಯಾ ಚೀಲದ ಮೂಲ ಆ ಹನಿಗಳೇ. ಇಂದು ಮನುಕುಲದ ಸರಿಸುಮಾರು ಅರ್ಧದಷ್ಟು ಜನರ ಅನ್ನ ಆ ಗೊಬ್ಬರವನ್ನು ನೆಚ್ಚಿದೆ. ಭೂಮಿಯ ಗಡಿ ಮನುಷ್ಯನ ಕೈಚಳಕದಿಂದ ಹಿಗ್ಗಬಲ್ಲದು ಎಂದು ಗೊತ್ತಾದದ್ದು ಆಗ.

ಹಾಗಾದರೆ ಎಲ್ಲಿಯವರೆಗೆ ಹಿಗ್ಗೀತು? 1967ರಲ್ಲಿ ನೆದರ್ಲೆಂಡ್ಸ್‌ನ ಕೃಷಿ ವಿಜ್ಞಾನಿ ಸಿ.ಟಿ. ಡಿ ವಿಟ್ ನೀರು ಗೊಬ್ಬರ ಯಾವುದಕ್ಕೂ ಕೊರತೆಯಿಲ್ಲ ಎಂದಿಟ್ಟುಕೊಂಡು, ಎಲೆಗಳ ಮೇಲೆ ಬೀಳುವ ಬಿಸಿಲಷ್ಟನ್ನೇ ಲೆಕ್ಕ ಹಾಕಿದ. ಉತ್ತರ ಒಂದು ಲಕ್ಷ ಕೋಟಿಗೂ ಹೆಚ್ಚು ಜನ! ಅಂದರೆ ತಲೆಗೆ ಒಂದೂಕಾಲು ಗುಂಟೆ ನೆಲ, ಅದೂ ಪೂರ್ತಿ ಬೆಳೆಗೆ. ಮಲಗಲು, ಓಡಾಡಲು, ಮಕ್ಕಳು ಆಡಲು ಚೂರೂ ಜಾಗವಿಲ್ಲ. ಡಿ ವಿಟ್ ಅಲ್ಲಿಗೇ ನಿಲ್ಲಲಿಲ್ಲ. ಮನೆ, ಬೀದಿ, ವಿಹಾರಕ್ಕೆಂದು ತಲೆಗೆ 750 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು ಏಳೂವರೆ ಗುಂಟೆ, ಬಿಟ್ಟುಕೊಟ್ಟು ನೋಡಿದ. ಸಂಖ್ಯೆ 14,600 ಕೋಟಿಗೆ ಕುಸಿಯಿತು. ಆ ಜಾಗವನ್ನೂ ಎರಡು ಪಟ್ಟು ಮಾಡಿದಾಗ 7,900 ಕೋಟಿ. ಇದೇ ಭೂಮಿ, ಇದೇ ಸೂರ್ಯ. ಮನುಷ್ಯನಿಗೆ ಕೈಕಾಲು ಚಾಚಲು ಜಾಗ ಕೊಟ್ಟದ್ದೊಂದೇ ವ್ಯತ್ಯಾಸ.

ಈ ಲೆಕ್ಕಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ ನೋಡಿದವರು ನ್ಯೂಯಾರ್ಕಿನ ಜನಸಂಖ್ಯಾ ತಜ್ಞ ಜೋಯೆಲ್ ಕೋಹೆನ್. ಲೇವನ್‌ಹುಕ್‌ನಿಂದ ಹಿಡಿದು ತಮ್ಮ ಕಾಲದವರೆಗಿನ 60ಕ್ಕೂ ಹೆಚ್ಚು ಅಂದಾಜುಗಳನ್ನು ಅವರು 1995ರ ಪುಸ್ತಕದಲ್ಲಿ ಪರಿಶೀಲಿಸಿದರು. ನೂರು ಕೋಟಿಗಿಂತ ಕಡಿಮೆಯಿಂದ ಲಕ್ಷ ಕೋಟಿಯ ಆಚೆಗೂ ಅವು ಚೆಲ್ಲಾಡಿದ್ದವು. ವಿಜ್ಞಾನ ಬೆಳೆದಂತೆ ಉತ್ತರಗಳು ಒಂದಕ್ಕೊಂದು ಹತ್ತಿರ ಬರಬೇಕಿತ್ತು, ಬರಲೇ ಇಲ್ಲ. ಕೋಹೆನ್ ಕಂಡುಕೊಂಡ ಕಾರಣವೇ ಈ ಕತೆಯ ನಿಜವಾದ ಆವಿಷ್ಕಾರ. ಪ್ರತಿ ಉತ್ತರದ ಹೊಟ್ಟೆಯೊಳಗೂ ಕೆಲವು ಆಯ್ಕೆಗಳು ಅಡಗಿರುತ್ತವೆ. ತಟ್ಟೆಯಲ್ಲಿ ಏನಿರಬೇಕು? ಇದ್ದದ್ದನ್ನು ಯಾರು ಯಾರಿಗೆ ಎಷ್ಟು ಹಂಚಬೇಕು? ಈ ಬದುಕು ಎಷ್ಟು ತಲೆಮಾರು ನಡೆಯಬೇಕು? ಕಾಡಿಗೆ, ಮಿಕ್ಕ ಜೀವಿಗಳಿಗೆ ಎಷ್ಟು ಬಿಡಬೇಕು? ಇವಕ್ಕೆ ಉತ್ತರ ಹೇಳದೆ ಹೇಳುವ ಯಾವ ಸಂಖ್ಯೆಗೂ ಬುಡವಿಲ್ಲ.

ಅದೇ ಹೊತ್ತಿಗೆ ಕೆನಡಾದ ವ್ಯಾಂಕೂವರಿನಲ್ಲಿ ಸಂಶೋಧಕರಾದ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್‌ನಾಗೆಲ್ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ್ದರು. ಇಷ್ಟು ನೆಲಕ್ಕೆ ಎಷ್ಟು ಜನ ಎಂದು ಕೇಳುವ ಬದಲು, ಒಬ್ಬನ ಬದುಕು ನಡೆಯಲು ಎಲ್ಲೆಲ್ಲಿಯ ಎಷ್ಟು ನೆಲ ದುಡಿಯುತ್ತಿದೆ ಎಂದು ಅಳೆದರು. ಲೇವನ್‌ಹುಕ್‌ನ ಲೆಕ್ಕದಿಂದ ಜಾರಿಹೋಗಿದ್ದ ಪೋಲೆಂಡಿನ ಹೊಲ ಕೊನೆಗೂ ಲೆಕ್ಕಕ್ಕೆ ಬಂತು.

2022ರ ನವೆಂಬರಿನಲ್ಲಿ ನಾವು 800 ಕೋಟಿ ಆದೆವು. 2080ರ ದಶಕದಲ್ಲಿ ಸುಮಾರು 1,030 ಕೋಟಿಗೆ ಏರಿ ಆಮೇಲೆ ಇಳಿಯತೊಡಗಬಹುದು ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು. ಹಾಗಾಗಿ ಜನ ಹೆಚ್ಚಾದರು ಎಂದು ಬಡವರ ಮನೆಯ ತೊಟ್ಟಿಲು ಎಣಿಸುತ್ತ ಕೂರುವುದು ಅನ್ಯಾಯ ಮಾತ್ರವಲ್ಲ, ಅರ್ಧ ಲೆಕ್ಕ ಕೂಡ. ಒಬ್ಬೊಬ್ಬನ ಬದುಕಿಗೆ ತಗಲುವ ನೆಲ, ನೀರು, ಇಂಧನವನ್ನು ಎಣಿಸದಿದ್ದರೆ ತಲೆಗಳನ್ನು ಎಣಿಸಿ ಫಲವಿಲ್ಲ. ಭೂಮಿ ಎಷ್ಟು ಮಂದಿಯನ್ನು ನೆಮ್ಮದಿಯಾಗಿ ಸಾಕೀತು ಎಂದು ಯಾರಾದರೂ ಕೇಳಿದರೆ, ಹೇಗೆ ಬದುಕುವ ಮಂದಿಯನ್ನು ಎಂದು ನಾವು ಮೊದಲು ಕೇಳಬೇಕು. ಸಂಖ್ಯೆ ಹೇಳುವುದು ಆಮೇಲಿನ ಕೆಲಸ.