ಮೂರು ಗುಡ್ಡ, ಮೂರು ಗೀಟು

ಕೋಲಾರ ಚಿನ್ನದ ಗಣಿಯ ಊರಿಗಾಂ ಸ್ಟೇಷನ್ನಿನಲ್ಲಿಳಿದು ಸುತ್ತ ನೋಡಿದರೆ ಗುಡ್ಡಗಳು. ದೇವರು ಮಾಡಿದವಲ್ಲ, ಚಿನ್ನ ತೆಗೆದುಕೊಂಡು ಸುರಿದ ಮಣ್ಣಿನವು. ಇಲ್ಲಿಯವರ ಬಾಯಲ್ಲಿ ಸೈನೈಡ್ ದಿಬ್ಬ. ಅವುಗಳ ಆಸುಪಾಸಿನ ಲೈನ್ ಮನೆಗಳಲ್ಲಿ ಆರ್ಕಾಟು, ಚಿತ್ತೂರು ಕಡೆಯಿಂದ ಮೇಸ್ತ್ರಿಗಳ ಹಿಂದೆ ಬಂದವರ ಮರಿಮಕ್ಕಳಿದ್ದಾರೆ.

ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂದದ್ದು 1894ರಲ್ಲಿ. ಗುಡ್ಡಗಳ ಇನ್ನೊಂದು ಕತೆ ದೂರದ ಈಜಿಪ್ಟಿನದು. ಎರಡು ವರ್ಷದ ನಂತರ ಅಲ್ಲಿನ ಥೀಬ್ಸ್‌ನಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಗೆ ಒಂದು ಕಲ್ಲು ಸಿಕ್ಕಿತು. ಕ್ರಿ.ಪೂ. 1207ರ ಸುಮಾರಿಗೆ ಫೇರೋ ಮೆರ್ನೆಪ್ಟಾ ಕೆತ್ತಿಸಿದ ವಿಜಯಶಾಸನ. ಸೋತ ಅಷ್ಕೆಲೋನ್, ಗೆಜೆರ್ ಪಟ್ಟಣಗಳ ಹೆಸರಿಗೆ ಮೂರು ಗುಡ್ಡಗಳ ಚಿತ್ರ ಅಂಟಿಸಿದ್ದಾರೆ. ಪರನಾಡು ಎನ್ನುವ ಗುರುತು ಅದು. 'ಇಸ್ರೇಲ್' ಹೆಸರಿಗೆ ಮಾತ್ರ ಗುಡ್ಡವಿಲ್ಲ. ಕೂತ ಗಂಡು, ಕೂತ ಹೆಣ್ಣು, ಜೊತೆಗೆ ಮೂರು ಗೀಟು. ನಾಡಲ್ಲ, ಜನ.

ಈ ಜನ ಯಾರು? ಬೈಬಲ್ ಹೇಳುವುದು ಒಂದು ಮನೆಯ ಕತೆ. ಯಬ್ಬೋಕ್ ಹೊಳೆಯ ಬಳಿ ರಾತ್ರಿಯಿಡೀ ಸೆಣಸಿದ ಯಾಕೋಬನಿಗೆ ಇಸ್ರಾಯೇಲ್ ಎಂಬ ಹೆಸರು ಬಂತು. ನಾಲ್ವರು ತಾಯಂದಿರಲ್ಲಿ ಹುಟ್ಟಿದ ಅವನ ಹನ್ನೆರಡು ಗಂಡುಮಕ್ಕಳಿಂದ ಹನ್ನೆರಡು ಕುಲ. ಆದರೆ ಬೆರಳು ಮಡಿಸಿ ಎಣಿಸಲು ಕೂತರೆ ಲೆಕ್ಕ ಅಲುಗಾಡುತ್ತದೆ. ಪೂಜೆಯ ಕೆಲಸದ ಲೇವಿ ಕುಲಕ್ಕೆ ಭೂಮಿಯಲ್ಲಿ ಪಾಲಿಲ್ಲ. ಆ ಜಾಗ ತುಂಬಲು ಯೋಸೇಫನ ಹೆಸರು ತೆಗೆದು, ಅವನ ಮಕ್ಕಳಾದ ಎಫ್ರಾಯೀಮ್, ಮನಸ್ಸೆ ಇಬ್ಬರನ್ನೂ ಸೇರಿಸುತ್ತಾರೆ. ಬೈಬಲ್ಲಿನ ತೀರಾ ಹಳೆಯ ಭಾಗಗಳಲ್ಲೊಂದು ಎನ್ನುವ ದೆಬೋರಳ ಹಾಡಿನಲ್ಲಿ ಇರುವುದು ಹತ್ತೇ ಹೆಸರು. ಮುಂದೆ ದಾವೀದನಂಥ ಅರಸನನ್ನು ಕೊಟ್ಟ ಯೂದ ಕುಲದ ಸುಳಿವೇ ಇಲ್ಲ. ಬೆಟ್ಟದ ಊರುಗಳ ಬೇರೆ ಬೇರೆ ಗುಂಪುಗಳು ಕಾಲಕ್ರಮದಲ್ಲಿ ಒಬ್ಬನೇ ಅಜ್ಜನ ಮೊಮ್ಮಕ್ಕಳಾದವು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಈಜಿಪ್ಟಿನ ಜೀತ ಬಿಟ್ಟು ಬಂದೆವು ಎನ್ನುವ ನೆನಪು ಎಲ್ಲರದೂ ಆಯಿತು.

ಗಣಿಯ ಚರ್ಚುಗಳಲ್ಲಿ ಈ ಕತೆ ಕೇಳಿದವರಲ್ಲಿ ಶಾಫ್ಟಿಗಿಳಿದು ದುಡಿಯುವವರೂ ಇದ್ದರು. ಅದೇ ಜನರ ನಡುವೆ ಇನ್ನೊಂದು ಮೂಲದ ಮಾತೂ ಎದ್ದಿತು. ಪರೈಯರೆಂದು ಇತರರು ದೂರವಿಟ್ಟ ಜನ ಮೂಲದಲ್ಲಿ ಬೌದ್ಧರು ಎಂದರು ತಮಿಳು ಚಿಂತಕ ಅಯೋತಿದಾಸ ಪಂಡಿತರು. ಗಣಿಯೂರಿನ ಮಾರಿಕುಪ್ಪದಲ್ಲಿ ಅವರ ಬೌದ್ಧ ಸಂಘದ ಶಾಖೆ ಬೆಳೆಯಿತು. 1907ರಲ್ಲಿ ಮದ್ರಾಸಿನಲ್ಲಿ ಅವರು ಶುರುಮಾಡಿದ 'ತಮಿಳನ್' ಪತ್ರಿಕೆ, ಅವರು ತೀರಿಕೊಂಡ ಮೇಲೆ ಗಣಿಯೂರಿನಿಂದಲೇ ಹೊರಬಂತು. ನಿಮ್ಮ ಕುಲ ಯಾವುದು ಎಂದು ಹಂಗಿಸುವವರಿಗೆ ಉತ್ತರ ಬೇಕಿತ್ತು. ಪೂರ್ವಜರ ಕತೆಯಲ್ಲಿ ಅದನ್ನು ಕಂಡುಕೊಂಡರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಇಲ್ಲಿಯವರು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ದಿಬ್ಬಗಳು ಕಿಟಕಿಯಾಚೆ ಹಿಂದೆ ಸರಿಯುತ್ತವೆ. ಯಾವೂರು ಎಂದು ಕೇಳಿ ನೋಡಿ. ಆರ್ಕಾಟು ಎನ್ನುವುದಿಲ್ಲ, ಕೋಲಾರ ಎನ್ನುವುದೂ ಇಲ್ಲ.

"ನಾವು ಕೆಜಿಎಫ್‌ನವರು ಸಾರ್."