ಬೋಟಿನ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ವಯರಿಂಗ್ ನೋಡಿ

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ಯಾಂತ್ರೀಕೃತ ಬೋಟುಗಳು ಮತ್ತೆ ಕಡಲಿಗಿಳಿಯುವಾಗ ಮೀನುಗಾರ ಬಾಂಧವರಿಂದ ನಾವು ಕೇಳುವ ದೂರು ಒಂದಿದೆ: ಕೀ ತಿರುಗಿಸಿದರೆ 'ಟಕ್' ಎನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಲೈಟು ಉರಿಯುತ್ತದಲ್ಲ, ವಯರಿಂಗ್ ಸರಿಯಿದೆ ಎಂದುಕೊಂಡು ಹೊಸ ಬ್ಯಾಟರಿಗೆ ಸಾಲ ಮಾಡುವವರಿದ್ದಾರೆ. ಇದು ಅವಸರದ ತೀರ್ಮಾನ. ಲೈಟಿಗೆ ಒಂದೆರಡು ಆಂಪಿಯರ್ ಸಾಕು. ಸ್ಟಾರ್ಟರ್ ಮೋಟಾರಿಗೆ ನೂರಾರು ಬೇಕು. ಉಪ್ಪುಗಾಳಿಗೆ ಕಿಲುಬು ಹಿಡಿದ ಟರ್ಮಿನಲ್ ಅಷ್ಟನ್ನು ಹಾಯಗೊಡುವುದಿಲ್ಲ. ಹೊಸ ಬ್ಯಾಟರಿ ಹಾಕಿದರೂ ನಡುಗಡಲಿನಲ್ಲಿ ಅದೇ 'ಟಕ್'.

ಚಾರ್ಜ್ ಆಗಿರುವ 12 ವೋಲ್ಟಿನ ಬ್ಯಾಟರಿ ಮೀಟರಿನಲ್ಲಿ 12.6ರ ಆಸುಪಾಸು ತೋರಿಸಬೇಕು. 12.2ಕ್ಕಿಂತ ಕಡಿಮೆಯಿದ್ದರೆ ಮೊದಲು ಚಾರ್ಜ್ ಮಾಡಿಸಿ. ಆಮೇಲೆ ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಮತ್ತೊಂದನ್ನು ಸ್ಟಾರ್ಟರಿಗೆ ದಪ್ಪ ವಯರ್ ಸೇರುವ ಬೋಲ್ಟಿಗೂ ಹಿಡಿಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಆ ದಾರಿಯಲ್ಲೇ ಇದೆ. ನೆಗೆಟಿವ್‌ನಿಂದ ಇಂಜಿನ್ ಬ್ಲಾಕಿಗೂ ಹೀಗೆಯೇ ನೋಡಿ, ಮರೆತುಹೋಗುವುದು ಇದೇ.

ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ಅದು ಕೊನೆಗೆ. ಹತ್ತಿರ ಬೀಡಿ ಬೇಡ, ಬ್ಯಾಟರಿಯಿಂದ ಬರುವ ಜಲಜನಕ ಹೊತ್ತಿಕೊಳ್ಳುತ್ತದೆ. ಟರ್ಮಿನಲ್ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ.