ಇಂಧನದೊಳಗಿನ ಅಗೋಚರ ಗುರುತು: ಕಲಬೆರಕೆ ಪತ್ತೆಯ ವಿಜ್ಞಾನ ಮತ್ತು ನಮ್ಮ ಹೊಣೆ

ಗ್ರಾಮ ಪಂಚಾಯಿತಿಯ ಕಸ ಸಂಗ್ರಹಣಾ ವಾಹನ, ಬೇಸಿಗೆಯಲ್ಲಿ ನೀರು ಪೂರೈಸುವ ಟ್ಯಾಂಕರ್, ವಿದ್ಯುತ್ ಕೈಕೊಟ್ಟಾಗ ನಡೆಸುವ ಜನರೇಟರ್ ಇವೆಲ್ಲಕ್ಕೂ ಸಾರ್ವಜನಿಕ ಹಣದಿಂದಲೇ ಡೀಸೆಲ್ ಖರೀದಿಸಲಾಗುತ್ತದೆ. ಬಿಲ್ಲಿನಲ್ಲಿ ಪ್ರಮಾಣ ಮತ್ತು ದರ ನಮೂದಾಗಿರುತ್ತವೆ. ಆದರೆ ಖರೀದಿಸಿದ ಇಂಧನದಲ್ಲಿ ಬೇರೇನೂ ಬೆರೆತಿಲ್ಲ ಎಂಬುದನ್ನು ಬಿಲ್ಲು ಹೇಳಲಾರದು. ಅದನ್ನು ಹೇಳಬಲ್ಲ ಸಾಕ್ಷಿಯನ್ನು ಇಂಧನದೊಳಗೇ ಇರಿಸುವ ತಂತ್ರಜ್ಞಾನವೊಂದಿದೆ. ಅದರ ಸ್ವರೂಪವನ್ನೂ ಮಿತಿಯನ್ನೂ ಪಂಚಾಯಿತಿಯ ಸದಸ್ಯರು ಹಾಗೂ ಸಿಬ್ಬಂದಿ ಅರಿತಿರುವುದು ಅಗತ್ಯ.

ಕಲಬೆರಕೆ ಕಣ್ಣಿಗೆ ಕಾಣದಿರಲು ಕಾರಣ

ಸೀಮೆಎಣ್ಣೆ ಮತ್ತು ಡೀಸೆಲ್ ಎರಡೂ ಕಚ್ಚಾತೈಲದಿಂದ ಬರುವ ನೆರೆಹೊರೆಯ ಉತ್ಪನ್ನಗಳು. ಅವುಗಳ ಕುದಿಯುವ ಉಷ್ಣತೆಯ ವ್ಯಾಪ್ತಿಗಳು ಬಹುಮಟ್ಟಿಗೆ ಒಂದರ ಮೇಲೊಂದು ಬರುತ್ತವೆ. ಸಾಂದ್ರತೆಯಲ್ಲಿಯೂ ಹೆಚ್ಚಿನ ಅಂತರವಿಲ್ಲ. ಆದ್ದರಿಂದ ಅಲ್ಪ ಪ್ರಮಾಣದ ಸೀಮೆಎಣ್ಣೆ ಬೆರೆತರೆ ವಾಸನೆಯಿಂದಾಗಲಿ ಸಾಧಾರಣ ಸಾಂದ್ರತಾ ಪರೀಕ್ಷೆಯಿಂದಾಗಲಿ ಖಚಿತವಾಗಿ ಪತ್ತೆಯಾಗದು. ಆದರೆ ಯಂತ್ರಕ್ಕೆ ಅದರ ಪರಿಣಾಮ ತಟ್ಟುತ್ತದೆ. ಸೀಮೆಎಣ್ಣೆಗೆ ಜಾರುಗುಣ ಕಡಿಮೆಯಿರುವುದರಿಂದ ಇಂಜೆಕ್ಷನ್ ಪಂಪು ಬೇಗ ಸವೆಯುತ್ತದೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಯಲ್ಲಿರುವ ಬಿಎಸ್-6 ಮಾನದಂಡದಂತೆ ಡೀಸೆಲ್‌ನಲ್ಲಿ ಗಂಧಕವು 10 ಪಿಪಿಎಂ ಮೀರುವಂತಿಲ್ಲ. ಸೀಮೆಎಣ್ಣೆಯ ಮಾನದಂಡದಲ್ಲಿ ಅದಕ್ಕಿಂತ ಹಲವು ಪಟ್ಟು ಅಧಿಕ ಗಂಧಕಕ್ಕೆ ಅವಕಾಶವಿದೆ. ಇದರಿಂದ ಹೊಸ ವಾಹನಗಳ ಹೊಗೆ ಶುದ್ಧೀಕರಣ ವ್ಯವಸ್ಥೆಗೂ ಹಾನಿಯಾಗುತ್ತದೆ.

ಮಾರ್ಕರ್ ಕೆಲಸ ಮಾಡುವ ಬಗೆ

ಪಡಿತರ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸುವುದು ಎಲ್ಲರಿಗೂ ತಿಳಿದ ಗುರುತು. ಆದರೆ ಹೀರುಗುಣವುಳ್ಳ ಜೇಡಿಮಣ್ಣು ಅಥವಾ ಇದ್ದಿಲಿನ ಮೂಲಕ ಸೋಸಿದರೆ ಬಣ್ಣ ಹೊರಟುಹೋಗುತ್ತದೆ. ಬಣ್ಣ ಹೋದದ್ದು ಕಣ್ಣಿಗೇ ಕಾಣುವುದರಿಂದ ತನ್ನ ಕೆಲಸ ಮುಗಿಯಿತೆಂದು ವಂಚಕನಿಗೆ ತಿಳಿಯುತ್ತದೆ. ಈ ಕೊರತೆಯನ್ನು ನೀಗಲೆಂದೇ ಬಣ್ಣವಿಲ್ಲದ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ ಕ್ರಮ ಬಂದಿತು. ಇದಕ್ಕೆ ಮಾರ್ಕರ್ ಎಂದು ಹೆಸರು.

ಇದರ ಹಿಂದಿನ ಲೆಕ್ಕ ಸರಳ. ಉದಾಹರಣೆಗೆ, ಸೀಮೆಎಣ್ಣೆಯಲ್ಲಿ 10 ಪಿಪಿಎಂ ಮಾರ್ಕರ್ ಇದೆ ಎಂದಿಟ್ಟುಕೊಳ್ಳೋಣ. ಒಂದು ಬಂಕಿನ ಡೀಸೆಲ್‌ನಲ್ಲಿ 1 ಪಿಪಿಎಂ ಕಂಡುಬಂದರೆ, ಅದರಲ್ಲಿ ಹತ್ತನೇ ಒಂದು ಭಾಗ ಸೀಮೆಎಣ್ಣೆ ಸೇರಿದೆ ಎಂದರ್ಥ. ಇದರ ವಿಲೋಮ ಪದ್ಧತಿಯೂ ಇದೆ. ತೆರಿಗೆ ಪಾವತಿಸಿದ ಶುದ್ಧ ಇಂಧನಕ್ಕೇ ಮಾರ್ಕರ್ ಬೆರೆಸಿ, ಅದರ ಪ್ರಮಾಣ ತಗ್ಗಿದ್ದರೆ ಬೇರೆ ದ್ರವ ಸೇರಿದೆಯೆಂದು ನಿರ್ಣಯಿಸಲಾಗುತ್ತದೆ. ಟಾಂಜಾನಿಯಾ ದೇಶವು 2010ರಿಂದ ಈ ಕ್ರಮವನ್ನು ಅನುಸರಿಸುತ್ತಿದೆ.

ಭಾರತದ ಅನುಭವ

ನಮ್ಮ ದೇಶದಲ್ಲಿ 2006ರ ಅಕ್ಟೋಬರ್‌ನಲ್ಲಿ ಸೀಮೆಎಣ್ಣೆಗೆ ಮಾರ್ಕರ್ ಬೆರೆಸುವ ವ್ಯವಸ್ಥೆ ಜಾರಿಗೆ ಬಂದಿತು. ಆದರೆ ಅದನ್ನೂ ಇಂಧನದಿಂದ ಬೇರ್ಪಡಿಸಬಹುದೆಂಬುದು ಬೆಳಕಿಗೆ ಬಂದುದರಿಂದ 2008ರ ಅಂತ್ಯಕ್ಕೆ ಆ ವ್ಯವಸ್ಥೆಯನ್ನು ಕೈಬಿಡಲಾಯಿತು. ಯೂರೋಪಿಗೂ ಇಂತಹುದೇ ಅನುಭವವಾಯಿತು. ತೆರಿಗೆ ರಿಯಾಯಿತಿಯ ಡೀಸೆಲ್‌ಗೆ 2002ರಿಂದ ಬಳಸುತ್ತಿದ್ದ ‘ಸಾಲ್ವೆಂಟ್ ಯೆಲ್ಲೋ 124’ ಎಂಬ ಮಾರ್ಕರನ್ನು ವಂಚಕರು ಆಮ್ಲದಿಂದಲೂ ಜೇಡಿಮಣ್ಣಿನಿಂದಲೂ ತೆಗೆಯಲಾರಂಭಿಸಿದರು. ಆದ್ದರಿಂದ 2024ರ ಜನವರಿಯಿಂದ ಐರೋಪ್ಯ ಒಕ್ಕೂಟವು ಬ್ಯೂಟಾಕ್ಸಿಬೆಂಜೀನ್ ಎಂಬ ಮಾರ್ಕರನ್ನು ಕಡ್ಡಾಯಗೊಳಿಸಿತು. ಇದರ ಗುಣಗಳು ಇಂಧನದ ಗುಣಗಳನ್ನೇ ಹೋಲುವುದರಿಂದ ಸೋಸಿ ಅಥವಾ ಬಟ್ಟಿಯಿಳಿಸಿ ಬೇರ್ಪಡಿಸುವುದು ಬಹಳ ಕಷ್ಟ.

ಮಾರ್ಕರ್ ಎಷ್ಟೇ ಉತ್ತಮವಾಗಿದ್ದರೂ ಮಾದರಿ ತೆಗೆದು ಪರೀಕ್ಷಿಸುವ ಮನುಷ್ಯನಿಲ್ಲದೆ ಅದು ವ್ಯರ್ಥ. ಆ ಕರ್ತವ್ಯ ನಿರ್ವಹಿಸಿದವರಲ್ಲಿ ನಮ್ಮ ನಾಡಿನ ಷಣ್ಮುಗಂ ಮಂಜುನಾಥ್ ಒಬ್ಬರು. ಕೋಲಾರ ಚಿನ್ನದ ಗಣಿ ಪ್ರದೇಶದವರಾದ ಅವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟಾಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಕಾರಣಕ್ಕೆ ಬಂಕೊಂದರ ಮಾರಾಟ ನಿಲ್ಲಿಸಿದ್ದ ಅವರನ್ನು 2005ರ ನವೆಂಬರ್ 19ರಂದು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರ ವಯಸ್ಸು 27. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನ್ಮಾಡ್ ಬಳಿ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು ತೈಲ ಕಲಬೆರಕೆ ದಂಧೆಯವರು ಸುಟ್ಟು ಕೊಂದರು. ಮಾದರಿ ಡಬ್ಬಿಗೆ ಮೊಹರು ಹಾಕುವ ಕೆಲಸಕ್ಕೆ ತೆತ್ತ ಬೆಲೆ ಇದು.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಇಂಧನವನ್ನು ಅಧಿಕೃತ ಬಂಕಿನಿಂದಲೇ ಖರೀದಿಸಿ, ವಾಹನ ಸಂಖ್ಯೆ ನಮೂದಿಸಿದ ರಸೀದಿ ಪಡೆಯುವುದು. ಅಂಗಡಿಗಳಲ್ಲಿ ಬಾಟಲಿ, ಕ್ಯಾನುಗಳಲ್ಲಿ ಮಾರುವ ಇಂಧನವನ್ನು ಯಾವ ಕಾರಣಕ್ಕೂ ಕೊಳ್ಳದಿರುವುದು.

2. ಬಂಕಿನಲ್ಲಿ ಸಾಂದ್ರತೆ ಪರಿಶೀಲಿಸುವ ಮತ್ತು 5 ಲೀಟರ್ ಅಳತೆ ಪಾತ್ರೆಯಿಂದ ಪ್ರಮಾಣ ಪರೀಕ್ಷಿಸುವ ಹಕ್ಕು ಗ್ರಾಹಕರಿಗಿದೆ. 15 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಸಾಂದ್ರತೆಯು ಬಂಕಿನ ದಾಖಲೆಗಿಂತ ಘನಮೀಟರಿಗೆ 3 ಕಿಲೋಗ್ರಾಂಗೂ ಮೀರಿ ವ್ಯತ್ಯಾಸವಾಗಿದ್ದರೆ ಸಂಶಯಕ್ಕೆ ಆಸ್ಪದವಿದೆ.

3. ಫಿಲ್ಟರ್ ಕಾಗದದ ಪರೀಕ್ಷೆ ಪೆಟ್ರೋಲಿಗೆ ಮಾತ್ರ ಅನ್ವಯ. ಕಾಗದದ ಮೇಲೆ ಬಿದ್ದ ಹನಿ ಸುಮಾರು 2 ನಿಮಿಷಗಳಲ್ಲಿ ಕಲೆಯುಳಿಸದೆ ಆರಬೇಕು. ಡೀಸೆಲ್ ಸಹಜವಾಗಿಯೇ ಕಲೆ ಬಿಡುತ್ತದೆ.

4. ವಾಹನದ ಲಾಗ್ ಪುಸ್ತಕದಲ್ಲಿ ಲೀಟರಿಗೆ ದೊರೆತ ಕಿಲೋಮೀಟರನ್ನು ಪ್ರತಿ ತಿಂಗಳು ಲೆಕ್ಕಹಾಕುವುದು. ಮೈಲೇಜ್ ಹಠಾತ್ತನೆ ಕುಸಿದರೆ ಅಥವಾ ಪಂಪು ಪದೇ ಪದೇ ದುರಸ್ತಿಗೆ ಬಂದರೆ ಇಂಧನದ ಕಡೆಗೂ ಗಮನ ಹರಿಸುವುದು.

5. ಸಂಶಯ ಬಂದಾಗ ನಾವೇ ಮಾದರಿ ತೆಗೆದು ವಾದಕ್ಕಿಳಿಯಬಾರದು. 2005ರ ನಿಯಂತ್ರಣಾದೇಶದಂತೆ ಆ ಅಧಿಕಾರವಿರುವುದು ಅಧಿಕಾರ ಪಡೆದ ಗೆಜೆಟೆಡ್ ಅಧಿಕಾರಿಗಳಿಗೆ, ಡಿವೈಎಸ್‌ಪಿ ದರ್ಜೆಗಿಂತ ಕೆಳಗಲ್ಲದ ಪೊಲೀಸ್ ಅಧಿಕಾರಿಗಳಿಗೆ ಮತ್ತು ತೈಲ ಕಂಪನಿಯ ಮಾರಾಟಾಧಿಕಾರಿ ಹಾಗೂ ಮೇಲ್ಪಟ್ಟವರಿಗೆ. ರಸೀದಿಯ ಪ್ರತಿಯೊಂದಿಗೆ ಆಹಾರ ಇಲಾಖೆಗೆ ಅಥವಾ ತಹಶೀಲ್ದಾರರಿಗೆ ಲಿಖಿತ ದೂರು ನೀಡಿ, ಸ್ವೀಕೃತಿ ಪಡೆಯುವುದು. ಕ್ರಮಬದ್ಧವಾಗಿ ಮೊಹರಾದ ಮಾದರಿಯಷ್ಟೇ ನ್ಯಾಯಾಲಯದಲ್ಲಿ ನಿಲ್ಲುತ್ತದೆ.

ಈ ಅಂಶಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರ ಗಮನಕ್ಕೆ ತಂದು, ವಾಹನ ಚಾಲಕರಿಗೂ ನೀರುಗಂಟಿಗಳಿಗೂ ಓದಿ ಹೇಳುವುದು ಸೂಕ್ತ. ಇಂಧನ ತುಂಬಿಸುವಾಗ ಸ್ಥಳದಲ್ಲಿ ಇರುವವರು ಅವರೇ.